ವೈದ್ಯರು ವೈದ್ಯರನ್ನು ಕೇಳಿದಾಗ

(ಕೂಟದ ಸಭೆಯಲ್ಲಿ ಅತಿಥಿ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ರೋಗಿಯು ವೈದ್ಯರನ್ನು ಕೇಳುವುದು ಲೋಕರೂಢಿ. ವೈದ್ಯರೇ ಇನ್ನೊಬ್ಬ ವೈದ್ಯರನ್ನು ಕೇಳಬೇಕಾದ ಸಂದರ್ಭವನ್ನು ಕುರಿತು ಇಂದು ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ. "ಈ ವಿಷಯದಲ್ಲಿ ತಜ್ಞರೊಬ್ಬರನ್ನು ವಿಚಾರಿಸುತ್ತೇನೆ" ಎಂದು ವೈದ್ಯರು ಹೇಳಿದೊಡನೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಸಂಶಯವೊಂದು ಸುಳಿಯುತ್ತದೆ: ಹಾಗಾದರೆ ಇವರಿಗೆ ಗೊತ್ತಿಲ್ಲವೇ? ಈ ಸಂಶಯವು ಎಷ್ಟು ಅನ್ಯಾಯದ್ದು, ಕೆಲವೊಮ್ಮೆ ಎಷ್ಟು ಅಪಾಯಕಾರಿಯಾದುದು ಎಂಬುದೇ ನನ್ನ ಮಾತಿನ ತಿರುಳು.

ಕೇಳುವ ಪದ್ಧತಿ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ 'ತದ್ವಿದ್ಯ ಸಂಭಾಷೆ'ಯ ವಿವರಣೆಯಿದೆ. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ನಡೆಸುವ ಸಂವಾದವೆಂದು ಅದರ ಅರ್ಥ. ಸ್ನೇಹದಿಂದ ನಡೆಯುವುದು, ಗೆಲ್ಲುವ ಹಟದಿಂದ ನಡೆಯುವುದು ಎಂದು ಅದರಲ್ಲಿ ಎರಡು ಬಗೆ. ಅದೇ ಗ್ರಂಥದ ಗುಲ್ಮಚಿಕಿತ್ಸೆಯ ಭಾಗದಲ್ಲಿ, ರೋಗವು ಶಸ್ತ್ರಕ್ರಿಯೆಯ ಹಂತವನ್ನು ತಲುಪಿದಾಗ ಅಧಿಕಾರವು ಧಾನ್ವಂತರೀಯರದು, ಎಂದರೆ ಶಸ್ತ್ರವೈದ್ಯರದು ಎಂದು ಸ್ಪಷ್ಟವಾಗಿ ಹೇಳಲಾಗಿದೆ. ತನ್ನ ವಿದ್ಯೆಯ ಎಲ್ಲೆಯನ್ನು ಅರಿಯುವುದೂ ವಿದ್ಯೆಯ ಒಂದು ಭಾಗವೇ ಎಂದು ನಮ್ಮ ಪೂರ್ವಿಕರು ತಿಳಿದಿದ್ದರು.

ತಾವು ನೆಲೆಸಿರುವ ಈ ಅರಬ್ ಲೋಕದ ಪರಂಪರೆಯೂ ಇದನ್ನೇ ಹೇಳುತ್ತದೆ. ಕುವೈತಿನ ಮೂಳೆ ಚಿಕಿತ್ಸೆಯ ಆಸ್ಪತ್ರೆಗೆ ಅಲ್ ರಾಝಿ ಎಂಬ ಹೆಸರಿದೆಯಷ್ಟೆ. ಆ ಮಹಾವೈದ್ಯನ ಬೋಧನಾಸಭೆಯನ್ನು ಹತ್ತನೆಯ ಶತಮಾನದ ಗ್ರಂಥಕಾರ ಇಬ್ನ್ ಅಲ್ ನದೀಮ್ ವರ್ಣಿಸಿದ್ದಾನೆ. ರಾಝಿಯ ಸುತ್ತ ಶಿಷ್ಯರು, ಅವರ ಹಿಂದೆ ಶಿಷ್ಯರ ಶಿಷ್ಯರು, ಅವರಾಚೆ ಇನ್ನೊಂದು ಸುತ್ತು. ಬಂದ ರೋಗಿ ಮೊದಲು ಹೊರಸುತ್ತಿನವರಿಗೆ ತನ್ನ ಬಾಧೆಯನ್ನು ಹೇಳಬೇಕು. ಅವರಿಂದ ಪರಿಹಾರ ದೊರೆಯದಿದ್ದರೆ ಒಳಸುತ್ತು, ಕೊನೆಗೆ ರಾಝಿ. ಈ ರಾಝಿಯೇ ತನ್ನ ಬೃಹದ್ಗ್ರಂಥದಲ್ಲಿ ಚರಕನ ಹೆಸರನ್ನೂ ಉಲ್ಲೇಖಿಸಿದ್ದಾನೆ.

ಕುವೈತಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯೂ ಹೀಗೆಯೇ ಸುತ್ತು ಸುತ್ತಾಗಿದೆ. ವಾಸಸ್ಥಳದ ಪಾಲಿಕ್ಲಿನಿಕ್ ಹೊರಸುತ್ತು. ಅಲ್ಲಿಂದ ಚೀಟಿ ಪಡೆದು ಮುಬಾರಕ್ ಅಲ್ ಕಬೀರ್, ಫರ್ವಾನಿಯಾ, ಅದಾನ್, ಜಹ್ರಾ ಮೊದಲಾದ ಪ್ರಾಂತೀಯ ಆಸ್ಪತ್ರೆಗಳಿಗೆ ಹೋಗುತ್ತೇವೆ. ನರರೋಗಕ್ಕೆ ಇಬ್ನ್ ಸಿನಾ, ಹೃದಯಕ್ಕೆ ಎದೆರೋಗಗಳ ಆಸ್ಪತ್ರೆ ಒಳಸುತ್ತಿನಲ್ಲಿವೆ. ಚೀಟಿಗಾಗಿ ಕಾಯುವಾಗ ಬೇಸರವಾಗುವುದು ಸಹಜ. ಆದರೆ ಆ ಚೀಟಿಯು ಒಬ್ಬ ವೈದ್ಯರು ಇನ್ನೊಬ್ಬರಿಗೆ ಬರೆದ ಪ್ರಶ್ನೆಯೆಂಬುದನ್ನು ಮರೆಯಬಾರದು.

ಇನ್ನು, ತಮ್ಮಲ್ಲಿ ಬಹುಮಂದಿಯ ತವರಾದ ಕರಾವಳಿಗೆ ಬರೋಣ. ಘಟ್ಟದ ತಪ್ಪಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ರಾತ್ರಿಯ ಹೊತ್ತು ಎದೆನೋವಿನ ರೋಗಿಯೊಬ್ಬ ಬರುತ್ತಾನೆ ಎನ್ನಿ. ಅಲ್ಲಿರುವುದು ಒಬ್ಬರೇ ವೈದ್ಯರು. ಅದು ಆಮ್ಲಪಿತ್ತವೋ ಹೃದಯಾಘಾತವೋ? ಇ.ಸಿ.ಜಿ. ತೆಗೆದರೂ ಗೆರೆಗಳು ಎಲ್ಲ ಸಂದರ್ಭಗಳಲ್ಲಿಯೂ ಸ್ಪಷ್ಟವಾಗಿ ಮಾತನಾಡುವುದಿಲ್ಲ. ಹೃದಯಾಘಾತವೇ ಆಗಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಮೊದಲ ಗಂಟೆಗಳಲ್ಲಿಯೇ ಕೊಡಬೇಕು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ. ಆದರೆ ಆ ಮದ್ದು ಕೆಲವರಲ್ಲಿ ಮಿದುಳಿನಲ್ಲಿ ರಕ್ತಸ್ರಾವವನ್ನುಂಟುಮಾಡಬಲ್ಲದು. ಮಹಾಧಮನಿಯ ಗೋಡೆ ಸೀಳಿದಾಗಲೂ ಎದೆನೋವು ಹೀಗೆಯೇ ಬರುತ್ತದೆ. ಆಗ ಅದೇ ಮದ್ದು ಪ್ರಾಣಾಂತಿಕ. ಕೊಟ್ಟರೊಂದು ಭಯ, ಕೊಡದಿದ್ದರೊಂದು ಭಯ. ದೊಡ್ಡಾಸ್ಪತ್ರೆಗೆ ಗಂಟೆಗಟ್ಟಲೆ ದಾರಿ. ಇಂತಹ ವೇಳೆಯಲ್ಲಿ ಆ ವೈದ್ಯರಿಗೆ ಬೇಕಾದುದು ಪಠ್ಯಪುಸ್ತಕವಲ್ಲ, ಅನುಭವಿಯ ಒಂದು ಮಾತು.

ಆ ಮಾತನ್ನು ದೂರದಿಂದ ತಲುಪಿಸುವ ಪ್ರಯತ್ನಗಳು ನಮ್ಮ ನಾಡಿನಲ್ಲಿ ಈ ಶತಮಾನದ ಆದಿಯಲ್ಲಿಯೇ ಆರಂಭವಾದವು. ಇಸ್ರೋದ ಉಪಗ್ರಹ ಸಂಪರ್ಕದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಯಿತು. 2018ರಲ್ಲಿ ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕಾರ್ಯವನ್ನು ಕೈಗೊಂಡರು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಉಚಿತವಾಗಿ ಒದಗಿಸಿ, ಅಲ್ಲಿನ ವೈದ್ಯರನ್ನೂ ತಜ್ಞರನ್ನೂ ವಾಟ್ಸ್ಆಪ್ ಬಳಗಗಳಲ್ಲಿ ಒಂದುಗೂಡಿಸಿದರು. ಹಳ್ಳಿಯ ವೈದ್ಯರು ಇ.ಸಿ.ಜಿ.ಯ ಚಿತ್ರವನ್ನು ಕಳುಹಿಸುತ್ತಾರೆ. ತಜ್ಞರು ನೋಡಿ ಸಲಹೆ ನೀಡುತ್ತಾರೆ. ಮುಂದೆ ಕರ್ನಾಟಕ ಸರ್ಕಾರವೂ 2021ರಲ್ಲಿ ಅಕಾಲಿಕವಾಗಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 'ಹೃದಯಜ್ಯೋತಿ' ಯೋಜನೆಯನ್ನು ರೂಪಿಸಿ, ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವ ಸಂಸ್ಥೆಯಂತಹ ಕೇಂದ್ರಗಳೊಡನೆ ಬೆಸೆಯಿತು.

ದೂರದಿಂದ ದೊರೆತ ಸಲಹೆಯಿಂದ ನಿಜವಾಗಿ ಪ್ರಯೋಜನವುಂಟೇ ಎಂದು ತಾವು ಕೇಳಬಹುದು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ 'ಎಕೊ' ಎಂಬ ಯೋಜನೆಯನ್ನು ಆರಂಭಿಸಿದರು. ಹೆಪಟೈಟಿಸ್-ಸಿ ರೋಗಿಗಳನ್ನು ನಗರಕ್ಕೆ ಕರೆಸುವ ಬದಲು, ಹಳ್ಳಿಗಳ ಮತ್ತು ಸೆರೆಮನೆಗಳ ವೈದ್ಯರೇ ದೃಶ್ಯಸಂಪರ್ಕದ ಮೂಲಕ ತಜ್ಞರೊಡನೆ ಚರ್ಚಿಸಿ ಚಿಕಿತ್ಸೆ ನೀಡಿದರು. 2011ರಲ್ಲಿ ಪ್ರಕಟವಾದ 407 ರೋಗಿಗಳ ಅಧ್ಯಯನದಲ್ಲಿ, ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಗುಣಹೊಂದಿದವರು ಶೇಕಡಾ 57.5; ದೂರದ ವೈದ್ಯರ ಬಳಿ ಗುಣಹೊಂದಿದವರು ಶೇಕಡಾ 58.2. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಇದೇ ಮಾದರಿಯಿಂದ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಒಮ್ಮೆ ಕೇಳಿದ ವೈದ್ಯರು ಮುಂದಿನ ರೋಗಿಗೆ ಇನ್ನಷ್ಟು ಸಮರ್ಥರಾಗುತ್ತಾರೆ.

ಆದರೆ ಸಲಹೆಗೂ ಶಿಸ್ತುಂಟು. ಪ್ರಶ್ನೆ ಸ್ಪಷ್ಟವಾಗಿರಬೇಕು. ರೋಗಿಯ ವಯಸ್ಸು, ಹಳೆಯ ಕಾಯಿಲೆಗಳು, ಸೇವಿಸುತ್ತಿರುವ ಔಷಧಗಳು, ಒಗ್ಗದ ಔಷಧಗಳು ಮೊದಲೇ ತಿಳಿದಿರಬೇಕು. ಇ.ಸಿ.ಜಿ.ಯ ಚಿತ್ರವನ್ನಷ್ಟೇ ನೋಡುವ ತಜ್ಞರು ರೋಗಿಯ ಬೆವರನ್ನು ನೋಡಲಾರರು, ಹೊಟ್ಟೆಯನ್ನು ಮುಟ್ಟಲಾರರು. ಆದುದರಿಂದಲೇ 2020ರ ಮಾರ್ಚ್‌ನಲ್ಲಿ ಭಾರತದಲ್ಲಿ ಹೊರಬಂದ ದೂರವೈದ್ಯ ಮಾರ್ಗಸೂಚಿಗಳು, ಸಲಹೆ ಕೇಳಿದ ವೈದ್ಯರೇ ಚಿಕಿತ್ಸೆಯ ಹೊಣೆಗಾರರಾಗಿ ಉಳಿಯುತ್ತಾರೆಂದು ಹೇಳಿವೆ. ಸಲಹೆಯನ್ನು ಹಂಚಿಕೊಳ್ಳಬಹುದು, ಹೊಣೆಯನ್ನು ಕೈಬಿಡಲಾಗದು.

ಈಗ ನಮ್ಮ ಕರ್ತವ್ಯದ ವಿಚಾರ. ಊರಿನಲ್ಲಿ ತಂದೆಯವರಿಗೋ ತಾಯಿಯವರಿಗೋ ಅಸ್ವಸ್ಥತೆಯಾದಾಗ ಇಲ್ಲಿಂದ ದೂರವಾಣಿಯಲ್ಲಿ ಆತಂಕದಿಂದ ಮಾತನಾಡುತ್ತೇವೆ. ಪರಿಚಿತ ವೈದ್ಯರೊಬ್ಬರ ಅಭಿಪ್ರಾಯವನ್ನು ಪಡೆದು, ರೋಗಿಯ ಮುಂದಿರುವ ವೈದ್ಯರ ಮೇಲೆ ಅದನ್ನು ಹೇರುತ್ತೇವೆ. ಇದು ಚರಕನು ಹೇಳಿದ ಹಟದ ಸಂಭಾಷೆ. ಅದರ ಬದಲು ಆ ಇಬ್ಬರು ವೈದ್ಯರು ನೇರವಾಗಿ ಮಾತನಾಡುವಂತೆ ಮಾಡಿರಿ. ಹಳೆಯ ಇ.ಸಿ.ಜಿ., ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ವರದಿ, ಔಷಧಗಳ ಪಟ್ಟಿ ಇವನ್ನು ಒಂದೇ ಕಡತದಲ್ಲಿಡಿರಿ. ಕುವೈತಿನಲ್ಲಿಯೂ ಭಾರತದಲ್ಲಿಯೂ ಒಂದೇ ಮದ್ದಿಗೆ ಬೇರೆ ಬೇರೆ ವ್ಯಾಪಾರನಾಮಗಳಿರುವುದರಿಂದ, ಅದರ ಮೂಲ ಹೆಸರನ್ನೂ ಪ್ರಮಾಣವನ್ನೂ ಬರೆದಿಡಿರಿ. ಹಳೆಯ ಇ.ಸಿ.ಜಿ. ಒಂದಿದ್ದರೆ ಹೊಸದರಲ್ಲಿ ಬದಲಾದುದೇನೆಂದು ತಜ್ಞರು ಕ್ಷಣದಲ್ಲಿ ತಿಳಿಯಬಲ್ಲರು.

ಎಲ್ಲಕ್ಕಿಂತ ಮಿಗಿಲಾಗಿ, "ಕೇಳಿ ಹೇಳುತ್ತೇನೆ" ಎನ್ನುವ ವೈದ್ಯರನ್ನು ಹಗುರವಾಗಿ ಕಾಣಬೇಡಿರಿ. ಕೇಳಿದ್ದಕ್ಕಾಗಿ ಅವಮಾನವಾದೀತೆಂಬ ಅಂಜಿಕೆ ಬಂದರೆ ಯುವ ವೈದ್ಯರು ಕೇಳುವುದನ್ನೇ ನಿಲ್ಲಿಸುತ್ತಾರೆ. ಊಹೆಯಿಂದ ನಿರ್ಧರಿಸುತ್ತಾರೆ, ಇಲ್ಲವೇ ಏನನ್ನೂ ಮಾಡದೆ ರೋಗಿಯನ್ನು ಮುಂದಕ್ಕೆ ಕಳುಹಿಸುತ್ತಾರೆ. ಎರಡರ ಬೆಲೆಯನ್ನೂ ತೆರಬೇಕಾದವನು ರೋಗಿ. ಮುಂದಿನ ಸಲ ತಮ್ಮ ವೈದ್ಯರು ಹಾಗೆಂದಾಗ "ಅವಶ್ಯವಾಗಿ ಕೇಳಿ, ಡಾಕ್ಟರೇ" ಎಂದು ಹೇಳಿ, ತಮ್ಮ ಕಡತವನ್ನು ಅವರ ಕೈಗಿಡಿರಿ.