ಭಟ್ಕಳ ದಾಟಿದರೆ ಮದ್ರಾಸು!



ನಾನು ವಿದ್ವಾಂಸನಲ್ಲ. ಪಿಯುಸಿವರೆಗೆ ಓದಿ ಕುಮಟಾದಲ್ಲಿ ಪ್ರೆಸ್ಸು ನಡೆಸುವವನು. ಮದುವೆ ಕರೆಯೋಲೆ, ಬಿಲ್ ಬುಕ್ಕು, ಯಕ್ಷಗಾನದ ಹ್ಯಾಂಡ್‌ಬಿಲ್ಲು ಅಚ್ಚು ಹಾಕುವುದು ನನ್ನ ಕಸುಬು. ರಾಜ್ಯೋತ್ಸವದ ಹೊತ್ತಿಗೆ ಕರ್ನಾಟಕದ ನಕಾಶೆಯೂ ಅಚ್ಚಿಗೆ ಬರುತ್ತದೆ. ಈಗಲೂ ಕೆಲವರು ಐದೇ ನೆರೆರಾಜ್ಯ ಬರೆದು ತರುತ್ತಾರೆ: ಮಹಾರಾಷ್ಟ್ರ, ಗೋವಾ, ಕೇರಳ, ತಮಿಳುನಾಡು, ಆಂಧ್ರ. ತೆಲಂಗಾಣ ಎಲ್ಲಿ ಸ್ವಾಮಿ?

ಅಮೆರಿಕದಲ್ಲಿ ಯೂಟಾ, ಕೊಲೊರಾಡೊ, ಅರಿಝೋನಾ, ನ್ಯೂ ಮೆಕ್ಸಿಕೊ ಒಂದೇ ಬಿಂದುವಿನಲ್ಲಿ ಕೂಡುತ್ತವೆ ಎಂದು ಕ್ವಿಜ್ ಕಲಿತ ಮಕ್ಕಳು ಪಟಪಟನೆ ಹೇಳುತ್ತಾರೆ. ಹೇಳಲಿ, ಸಂತೋಷ. ಅಲ್ಲಿ ಸ್ಕೇಲಿಟ್ಟು ಗೆರೆ ಎಳೆದರು. ನಮ್ಮಲ್ಲಿ ಗೆರೆ ಎಳೆದದ್ದು ಜನರ ಎದೆಯ ಮೇಲೆ!

ಇಂದು ಭಟ್ಕಳ, ಹೊನ್ನಾವರ, ಕುಮಟಾ ಯಾವ ಹೊರರಾಜ್ಯಕ್ಕೂ ತಾಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಗೋವಾಕ್ಕೆ ತಾಗುವುದು ಕಾರವಾರ, ಜೋಯಿಡಾ ಮಾತ್ರ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಅಂಟಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅಲ್ಲಿಂದ 1956ರವರೆಗೆ ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟರೆ ಮದ್ರಾಸು! (ಅಂಕೋಲೆಯ ಶಿರೂರಲ್ಲ, ಬೈಂದೂರು ಕಡೆಯದ್ದು.) ಗೇರುಸೊಪ್ಪೆ ಘಟ್ಟ ಹತ್ತಿ ಜೋಗ ದಾಟಿದರೆ ಮೈಸೂರು. ಕುಮಟೆಯವನ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ, ಬೈಂದೂರಿನವನದ್ದು ಮದ್ರಾಸಿಗೆ, ಸಾಗರದವನದ್ದು ಬೆಂಗಳೂರಿಗೆ. ಮೂವರೂ ಸಂತೆಯಲ್ಲಿ ಸಿಕ್ಕರೆ ಆಡುವುದು ಕನ್ನಡ!

1956ರ ನವೆಂಬರ್ 1ರಂದು ನಾವು ಒಂದಾದೆವು. ಆದರೆ ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ರಾಷ್ಟ್ರಕವಿ ಗೋವಿಂದ ಪೈಯವರ ಮಂಜೇಶ್ವರ ಪರರಾಜ್ಯವಾಯಿತು. ಶಿರೂರಿನಿಂದ ಎದ್ದ ಗೆರೆ ತಲಪಾಡಿಗೆ ಹೋಗಿ ಕುಳಿತಿತು, ಅಷ್ಟೇ. ನಮ್ಮ ಮೇಲಿದ್ದ ಭಾರವನ್ನು ಅವರ ಮೇಲೆ ಹೊರಿಸಿದರು. ಇದನ್ನು ನಾವು ಮರೆಯಬಹುದೇ?

1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕೆಂದಿತು. ಬೆಳಗಾವಿ ನಮ್ಮಲ್ಲೇ ಇರಲಿ, ಅಕ್ಕಲಕೋಟೆಯೂ ಬರಲಿ ಎಂದಿತು. ನಿಪ್ಪಾಣಿ ಮಹಾರಾಷ್ಟ್ರಕ್ಕೆ ಎಂದೂ ಅದೇ ವರದಿ ಹೇಳಿದೆ. ವೇದಿಕೆಯ ಮೇಲೆ ಈ ಮಾತನ್ನು ನುಂಗುವವರೇ ಹೆಚ್ಚು. ನುಂಗಿದರೆ ನಮ್ಮ ವಾದವೇ ಸೊರಗುತ್ತದೆ. ಮಹಾರಾಷ್ಟ್ರ ವರದಿಯನ್ನೇ ತಿರಸ್ಕರಿಸಿ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಕೇಳುವ ಊರುಗಳಲ್ಲಿ ನಮ್ಮ ಕಾರವಾರವೂ ಇದೆ! ಕುಮಟೆಯಿಂದ ಕಾರವಾರ ಎಷ್ಟು ದೂರ, ನೀವೇ ಹೇಳಿ.

ಅತ್ತ ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಮಲಯಾಳದ ಮೇಲೆ ಅವರಿಗೆ ಸಿಟ್ಟಿಲ್ಲ. ತಮ್ಮ ಮಕ್ಕಳ ಕನ್ನಡ ಶಾಲೆ ಉಳಿಯಬೇಕು ಎಂಬುದೊಂದೇ ಅವರ ಕೂಗು. ನಮ್ಮ ಕೊಂಕಣಿ, ನವಾಯತಿ ಮನೆಗಳಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮೂರ ಶಾಲೆಗೆ ಹೋಗಿ, ಗೋಡೆಯ ನಕಾಶೆಯಲ್ಲಿ ಬೀದರ್, ಕಲಬುರಗಿ, ಯಾದಗಿರಿಗಳ ಪೂರ್ವಕ್ಕೆ ಯಾವ ಹೆಸರಿದೆ ನೋಡಿ. ಆಂಧ್ರ ಎಂದಿದ್ದರೆ ಅದು 2014ರ ಜೂನ್ 2ಕ್ಕಿಂತ ಹಳೆಯದು. ಹೆಡ್‌ಮಾಸ್ತರರಿಗೆ ಹೇಳಿ ಬದಲಿಸಿ. ಹೊಸ ನಕಾಶೆ ತಂದಾಗ ತಲಪಾಡಿಯ ಆಚೆ ಮಂಜೇಶ್ವರ ಎಲ್ಲಿದೆ ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸಿ.