ಮೊದಲು ಫಿಲ್ಮಿನ ಬಾಲ ಅದ್ದಿ ನೋಡಿ

ಬ್ಲ್ಯಾಕ್ ಆ್ಯಂಡ್ ವೈಟ್ ಫಿಲ್ಮ್ ತೊಳೆಯೋಕೆ ಯಾವ ಡೆವಲಪರ್ ತಗೊಳ್ಳಲಿ ಅಂತ ತುಂಬಾ ಜನ ಕೇಳ್ತೀರಿ. ನಾನು ತಿರುಗಿ ಕೇಳೋದು ಒಂದೇ: ತಿಂಗಳಿಗೆ ಎಷ್ಟು ರೋಲ್ ತೆಗೀತೀರಿ?

ನನ್ನದು ಬಿಕಾಂ ಬುದ್ಧಿ. ರೋಲ್‌ಗೆ ಅಗ್ಗ ಬೀಳುತ್ತೆ ಅಂತ 5 ಲೀಟರ್ ಆಗೋ ಪುಡಿ ತಂದು ಕಲಸಿಟ್ಟೆ. ವಿಟಮಿನ್ ಸಿ ಜಾತಿಯದು. ವರ್ಷದಲ್ಲಿ ತೊಳೆದಿದ್ದು ಮೂರೇ ರೋಲ್. ಈ ಜಾತಿಯದು ಕೆಟ್ಟರೂ ಬಣ್ಣ ಬದಲಾಗದೇ ಇರಬಹುದು, ನೀರಿನ ಹಾಗೇ ತಿಳಿಯಾಗಿತ್ತು. ನಾಲ್ಕನೇ ರೋಲ್‌ನಲ್ಲಿ ನಮ್ಮಜ್ಜಿ ಇದ್ರು. ಟ್ಯಾಂಕ್ ತೆಗೆದ್ರೆ ಫಿಲ್ಮ್ ಪೂರ್ತಿ ಖಾಲಿ, ಅಂಚಿನ ನಂಬರ್ ಕೂಡ ಮೂಡಿಲ್ಲ. ಅಂದ್ರೆ ತಪ್ಪು ಕ್ಯಾಮೆರಾದ್ದಲ್ಲ, ಡೆವಲಪರ್ ಸತ್ತಿದೆ. ಅಜ್ಜಿ ಈಗಿಲ್ಲ.

ಈಗ ಇಟ್ಕೊಂಡಿರೋದು ರೋಡಿನಾಲ್. 1891ರ ಕಾಲದ್ದು. ಬಾಟಲಿ ಒಡೆದ ಮೇಲೂ ವರ್ಷಗಟ್ಟಲೆ ಬಾಳುತ್ತೆ, ಡಿಕಾಕ್ಷನ್ ಥರ ಕಪ್ಪಾದ್ರೂ ಕೆಲಸ ಮಾಡುತ್ತೆ. 6 ಎಂಎಲ್‌ಗೆ 300 ಎಂಎಲ್ ನೀರು, ಒಂದು ರೋಲ್, ಆಮೇಲೆ ಚೆಲ್ಲೋದು. ಗ್ರೇನ್ ಜಾಸ್ತಿ, ಒಪ್ಪಿದೆ. ವಾರಕ್ಕೆರಡು ರೋಲ್ ತೆಗೆಯೋರಾದ್ರೆ ಡಿ-76 ತಗೊಳ್ಳಿ, ಗ್ರೇನ್ ನಯ. ಕಲಸಿದ ತಾರೀಖು ಬಾಟಲಿ ಮೇಲೆ ಬರೀರಿ.

ಹಳೇದನ್ನೇ ಬಳಸ್ತೀರಾ? ಬೆಳಕು ಕಂಡಿರೋ ಫಿಲ್ಮಿನ ಬಾಲ ಒಂದಿಂಚು ಕತ್ತರಿಸಿ ಅದರಲ್ಲಿ ಅದ್ದಿ. ಕೆಲವು ನಿಮಿಷದಲ್ಲಿ ಚೆನ್ನಾಗಿ ಕಪ್ಪಾಗದಿದ್ರೆ ಆ ಬಾಟಲಿ ಚೆಲ್ಲಿಬಿಡಿ.