ಮಲಪ್ರಭೆಯ ತವರನ್ನು ಕಾಯುವ ಹೊಣೆ



ಮಳೆಗಾಲ ಬಂತೆಂದರೆ ನಮ್ಮ ಬೆಳಗಾವಿಯಲ್ಲಿ ಸಸಿ ನೆಡುವ ಸಮಾರಂಭಗಳಿಗೆ ಕೊರತೆಯಿರುವದಿಲ್ಲ. 1950 ರಲ್ಲಿ ಕನ್ಹಯ್ಯಾಲಾಲ ಮುನ್ಶಿಯವರು ಆರಂಭಿಸಿದ ವನಮಹೋತ್ಸವವನ್ನು ನಾವು ಆಚರಿಸುತ್ತಲೇ ಬಂದಿದ್ದೇವೆ. ಆದರೆ ನೆಟ್ಟ ಸಸಿಗೆ ಮುಂದಿನ ಬೇಸಿಗೆಯಲ್ಲಿ ನೀರೆರೆದವರಾರು? ನೆಡುವದು ಒಂದು ದಿನದ ಉತ್ಸವ. ಬೆಳೆಸುವದು ಹಲವು ವರ್ಷಗಳ ವ್ರತ.

ನಗರದ ಮರವು ನಮಗೆ ನೆರಳನ್ನು ಕೊಡುವದು. ಖಾನಾಪುರದ ಕಾಡಾದರೋ ನಾಡಿಗೆ ನದಿಯನ್ನೇ ಕೊಡುವದು. ಆ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಮೂಡಲಿಗೆ ಹರಿದು, ಸವದತ್ತಿಯ ನವಿಲುತೀರ್ಥದಲ್ಲಿ ಜಲಾಶಯವಾಗಿ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಹುಬ್ಬಳ್ಳಿ-ಧಾರವಾಡದವರ ಕುಡಿಯುವ ನೀರೂ ನರಗುಂದ, ನವಲಗುಂದಗಳ ಕರಿಯ ಹೊಲಗಳ ಆಶೆಯೂ ಅವಳನ್ನು ನೆಚ್ಚಿಕೊಂಡಿವೆ.

ದಟ್ಟ ಕಾಡಿನಲ್ಲಿ ಮಳೆಯ ಹನಿಯು ನೆಲವನ್ನು ನೇರವಾಗಿ ಹೊಡೆಯುವದಿಲ್ಲ. ಎಲೆಯು ಅದನ್ನು ತಡೆಯುವದು, ತರಗು ಹೀರುವದು, ಬೇರು ಸಡಿಲಿಸಿದ ಮಣ್ಣು ಒಳಗಿಳಿಸುವದು. ಹಾಗೆ ಇಂಗಿದ ನೀರೇ ಮಳೆ ನಿಂತ ಮೇಲೂ ಹಳ್ಳಗಳಲ್ಲಿ ಜಿನುಗುವದು. ಕಾಡು ಬೋಳಾದರೆ ಅದೇ ನೀರು ಮಣ್ಣನ್ನು ಕೊಚ್ಚಿ ತಂದು ಜಲಾಶಯದಲ್ಲಿ ಹೂಳು ತುಂಬುವದು. 2019 ರ ಆಗಸ್ಟಿನಂತಹ ಅತಿವೃಷ್ಟಿಯ ನೆರೆಯನ್ನು ಕಾಡೊಂದೇ ತಡೆದೀತೆಂದು ನಾವು ಹೇಳುವದಿಲ್ಲ. ಆದರೆ ಬೋಳು ಗುಡ್ಡವು ನೆರೆಯನ್ನು ಇನ್ನಷ್ಟು ಕೆರಳಿಸುವದು.

2011 ರಲ್ಲಿ ಖಾನಾಪುರದ ಭೀಮಗಡವು ವನ್ಯಜೀವಿಧಾಮವಾಯಿತು. ಇದು ಸಂತೋಷದ ಸಂಗತಿ. ಆದರೆ ಕಾನೂನಿನ ಬೇಲಿಯೊಂದರಿಂದಲೇ ಕಾಡು ಉಳಿಯದು. ಬೇಸಿಗೆಗೆ ಮುಂಚೆ ಗಡಿಯ ಒಣಹುಲ್ಲನ್ನು ಸವರಿ ಕಿಚ್ಚು ಹಬ್ಬದಂತೆ ನೋಡಬೇಕು. ಎಳೆಯ ಸಸಿಗಳಿರುವಲ್ಲಿ ದನಗಳನ್ನು ಬಿಡದೆ, ಸರದಿಯಂತೆ ಬೇರೆ ಕಡೆ ಮೇಯಿಸಬೇಕು. ಬೋಳಾದ ನೆಲದಲ್ಲಿ ಅಕೇಶಿಯಾದ ಒಂದೇ ಜಾತಿಯ ಸಾಲುಗಳಿಗೆ ಬದಲಾಗಿ ಮತ್ತಿ, ಹೊನ್ನೆ, ನೇರಳೆ, ಹಲಸುಗಳು ಏಳಬೇಕು. ಈ ಕೆಲಸವನ್ನು ಬಲ್ಲವರು ಕಾಡಿನಂಚಿನ ಹಳ್ಳಿಗರು. 2006 ರ ಅರಣ್ಯ ಹಕ್ಕು ಕಾಯಿದೆಯು ಅವರ ಗ್ರಾಮಸಭೆಗೆ ಮನ್ನಣೆ ಕೊಟ್ಟಿದೆ. ಅವರನ್ನು ಕಳ್ಳರಂತೆ ಕಂಡು ಕಾಡನ್ನು ಕಾಯುವೆವೆಂಬುದು ಭ್ರಮೆ.

ನಗರವಾಸಿಗಳಾದ ನಾವೇನು ಮಾಡಬೇಕು? ಮನೆಯ ಮುಂದೆ ನೆಟ್ಟ ಒಂದು ಸಸಿಯನ್ನಾದರೂ ಮೂರು ಬೇಸಿಗೆ ಸಾಕೋಣ. ರಸ್ತೆಗಾಗಿ ಮರಗಳನ್ನು ಕಡಿಯುವಾಗ, ಕಡಿದುದೆಷ್ಟು, ಬೆಳೆಸಿದುದೆಷ್ಟು ಎಂದು ಲೆಕ್ಕ ಕೇಳೋಣ. ಕಾಡು ಕಾಯುವ ಖಾನಾಪುರದ ರೈತನಿಗೆ ತಕ್ಕ ಪ್ರತಿಫಲ ದೊರೆಯಬೇಕೆಂದು ದನಿಗೂಡಿಸೋಣ. ಕೆಳಗೆ ನೀರು ಕುಡಿಯುವವರು ಮೇಲೆ ಕಾಡು ಕಾಯುವವರ ಋಣವನ್ನು ಮರೆತರೆ, ಮಲಪ್ರಭೆಯ ಹೆಸರು ಭೂಪಟದಲ್ಲಿ ಉಳಿದೀತು, ನೀರು ಉಳಿಯದು.